ಚೆನ್ನಮ್ಮಾಜಿಗೆ ಉಪ್ಪಿಟ್ಟು ಬೇಡವಂತೆ

ದುಗ್ಗಮ್ಮ ಮೂತಿ ತಿರುವಿದರೆ ಅದು ಎಡಕ್ಕೇ ತಿರುಗುವುದು. ಮೊದಲು ಕೆಳತುಟಿ ಮುಂದೆ ಬರುತ್ತದೆ, ಆಮೇಲೆ ಇಡೀ ಬಾಯಿ ಎಡಗಿವಿಯ ಕಡೆ ಸರಿಯುತ್ತದೆ, ಕಡೆಗೆ ಮೂಗಿನಿಂದ 'ಹ್ಞುಂ' ಎಂದೊಂದು ಸದ್ದು. ಬ್ಯಾಕೋಡಿನಿಂದ ಎರಡು ಮೈಲಿ ಒಳಗಿರುವ ಆ ಊರಿನಲ್ಲಿ ಈ ಮೂತಿಯನ್ನು ನೋಡದೆ ದೊಡ್ಡವರಾದವರು ಯಾರೂ ಇಲ್ಲ. ಮೂವತ್ತೆರಡು ವರ್ಷದಿಂದ ಅಲ್ಲಿಯ ಅಂಗನವಾಡಿ ಟೀಚರ್ ಅವಳೇ.

ಮಕ್ಕಳ ಮೇಲೆ ಅವಳಿಗೆ ತಾತ್ಸಾರವಿತ್ತು ಎಂದು ಮಾತ್ರ ತಿಳಿಯಬೇಡಿ. ಎಷ್ಟು ಮಕ್ಕಳ ಅಂಡು ತೊಳೆದಿದ್ದಾಳೆ, ಎಷ್ಟು ಮಕ್ಕಳನ್ನು ತೂಕದ ಜೋಲಿಯಲ್ಲಿ ಕೂರಿಸಿ ಅತ್ತಿದ್ದಕ್ಕೆ ಎತ್ತಿ ಸಮಾಧಾನ ಮಾಡಿದ್ದಾಳೆ, ಅವಳಿಗೇ ಲೆಕ್ಕವಿಲ್ಲ. ಅವಳ ಮೂತಿ ತಿರುಗುತ್ತಿದ್ದುದು ಆ ಮಕ್ಕಳ ಹೆಸರುಗಳಿಗೆ, ಹೆಸರಿಗಿಂತ ಹೆಚ್ಚಾಗಿ ಹೆಸರಿಟ್ಟ ಮಹಾನುಭಾವರಿಗೆ.

ಬೆಳಿಗ್ಗೆ ಹತ್ತಕ್ಕೆ ಹಾಜರಿ ಕರೆಯಲು ಕೂತರೆ ಅವಳ ಮುಂದೆ ಇಡೀ ದೇಶದ ಚರಿತ್ರೆಯೇ ಕಾಲು ಚಾಚಿ ಕೂತಿರುತ್ತಿತ್ತು. ಒಂದು ಕಡೆ ಸುಭಾಷಚಂದ್ರ, ಪಕ್ಕದಲ್ಲಿ ಝಾನ್ಸಿ, ಗೋಡೆಗೆ ಒರಗಿ ನಿದ್ದೆ ಮಾಡುವ ವಿವೇಕಾನಂದ, ಎಲ್ಲರಿಗಿಂತ ಮುಂದೆ ಅಶೋಕ ಚಕ್ರವರ್ತಿ. ಅಶೋಕನ ಅಪ್ಪ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಅಶೋಕ ಸಾಲುಮರ ನೆಡಿಸಿದ ಎನ್ನುವುದೊಂದು ಅವನ ತಲೆಯಲ್ಲಿ ಉಳಿದಿದ್ದ ಪಾಠ. ಈ ಅಪ್ಪ ಮಾತ್ರ ಮರ ಕಡಿದು ಎರಡು ಸಲ ಅರಣ್ಯದವರ ಕೈಗೆ ಸಿಕ್ಕಿಬಿದ್ದಿದ್ದ.

"ನೋಡೇ ವರದಮ್ಮ, ಚಕ್ರವರ್ತಿ ಚಡ್ಡಿ ಒದ್ದೆ ಮಾಡ್ಕಂಡಿದ್ದಾನೆ. ಕಳಿಂಗ ಗೆದ್ದು ಬಂದ ಸುಸ್ತು, ಪಾಪ. ಬೇರೆ ಚಡ್ಡಿ ಹಾಕು," ಎಂದು ದುಗ್ಗಮ್ಮ ಅಡಿಗೆ ಮಾಡುವ ಸಹಾಯಕಿ ವರದಮ್ಮನಿಗೆ ಕೂಗಿ ಹೇಳುತ್ತಿದ್ದಳು. "ಸುಭಾಷ, ದಿಲ್ಲಿಗೆ ಆಮೇಲೆ ಹೋಗುವಿಯಂತೆ, ಮೊದ್ಲು ಮೂಗು ಒರೆಸ್ಕಳಾ ಮಾರಾಯ."

ಚರಿತ್ರೆ ಬೇಡವೆಂದವರು ತಮ್ಮ ತಮ್ಮ ಹುಚ್ಚನ್ನು ಮಕ್ಕಳ ಕೊರಳಿಗೆ ಕಟ್ಟಿದರು. ಮಾಸ್ತಪ್ಪ ಎಂಬವನು ಸಾಗರದಿಂದ ಹೊಸನಗರಕ್ಕೆ ಓಡುವ ಖಾಸಗಿ ಬಸ್ಸಿನ ಕಂಡಕ್ಟರ್. ಅವನಿಗೆ ಹೆಂಡತಿಗಿಂತ ಬಸ್ಸಿನ ಮೇಲೆ ಪ್ರೀತಿ. ಮಗಳು ಹುಟ್ಟಿದಾಗ ಬಸ್ಸಿನ ಹಣೆಯ ಮೇಲಿದ್ದ 'ಮೇಘನಾ' ಎಂಬ ಹೆಸರನ್ನೇ ಇಟ್ಟ. ಬಸ್ಸಿಗೆ ಆ ಹೆಸರು ಬಂದದ್ದು ಮಾಲೀಕರ ಮಗಳಿಂದ. ಮಗುವಿಗೆ ಎರಡು ತುಂಬುವ ಹೊತ್ತಿಗೆ ಬಸ್ಸು ಬೇರೆಯವರ ಪಾಲಾಗಿ ಅದರ ಹಣೆಬರಹವೂ ಬದಲಾಯಿತು.

"ನಿನ್ನ ಮಗಳಿಗೂ ಹೊಸ ಬೋರ್ಡ್ ಬರೆಸ್ತೀಯೇನಾ ಮಾಸ್ತಪ್ಪ?" ಎಂದು ದುಗ್ಗಮ್ಮ ನಾಲ್ಕು ಜನರ ಎದುರಿಗೆ ಕೇಳಿದಳು. ಮಾಸ್ತಪ್ಪ ಒಂದು ತಿಂಗಳು ಅವಳ ಹತ್ತಿರ ಮಾತಾಡಲಿಲ್ಲ, ಬಸ್ಸಿನಲ್ಲಿ ಕಂಡರೂ ಮುಖ ಆ ಕಡೆ ಮಾಡಿಕೊಂಡೇ ಟಿಕೆಟ್ ಹರಿದ.

ಇಷ್ಟೆಲ್ಲ ಉರಿ ಯಾಕೆ ಎಂದರೆ, ಹೇಳಿಯೇ ಬಿಡುತ್ತೇನೆ. ಆ ಹಾಜರಿ ಪುಸ್ತಕಗಳಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳ ಹೆಸರನ್ನು ಅವಳು ತನ್ನ ಕೈಯಾರೆ ಬರೆದಿದ್ದಳು. ರಾಣಿಯರು, ನದಿಗಳು, ನಕ್ಷತ್ರಗಳು, ಬಸ್ಸು, ಎಲ್ಲವೂ ಇದ್ದವು. ದುಗ್ಗಮ್ಮ ಎಂಬ ಹೆಸರು ಒಂದು ಮಗುವಿಗೂ ಇರಲಿಲ್ಲ. ತನ್ನ ಜೊತೆಗೇ ಈ ಹೆಸರು ಸುಡುಗಾಡಿಗೆ ಹೋಗುತ್ತದೆ ಎನ್ನುವುದು ಅವಳಿಗೆ ಗೊತ್ತಿತ್ತು, ಅದು ಅವಳ ಹೊಟ್ಟೆಯಲ್ಲಿ ಬೆಂಕಿಯಾಗಿ ಕೂತಿತ್ತು.

ಆ ಹೆಸರು ಅವಳಿಗೆ ಪುಕ್ಕಟೆ ಬಂದದ್ದಲ್ಲ. ಮೂರು ಮಕ್ಕಳು ಹುಟ್ಟಿ ಉಳಿಯದೆ ಹೋದ ಮೇಲೆ ಅವ್ವ ಊರ ದುಗ್ಗಮ್ಮನ ಗುಡಿಯಲ್ಲಿ ಒದ್ದೆ ಸೀರೆಯಲ್ಲಿ ನಿಂತು ಹರಕೆ ಹೊತ್ತಳು. ಆಮೇಲೆ ಹುಟ್ಟಿ ಉಳಿದವಳು ಇವಳು. ಶಾಲೆಗೆ ಸೇರಿದ ದಿನ ಎಲ್ಲಿಂದಲೋ ವರ್ಗವಾಗಿ ಬಂದಿದ್ದ ಮೇಷ್ಟ್ರು, "ಇಷ್ಟು ಸಣ್ಣ ಹುಡುಗಿಗೆ ಇಷ್ಟು ಮುದಿ ಹೆಸರಾ?" ಎಂದು ನಕ್ಕರು. ಮೇಷ್ಟ್ರು ನಕ್ಕರೆ ಕ್ಲಾಸು ಸುಮ್ಮನಿರುತ್ತದೆಯೇ? ಇಡೀ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಆರು ವರ್ಷದ ಹುಡುಗಿ ಅಳಲಿಲ್ಲ, ಬಾಯಿಯನ್ನು ಎಡಕ್ಕೆ ತಿರುಗಿಸಿ ನಿಂತಳು. ಆ ಮೂತಿ ಹುಟ್ಟಿದ್ದು ಆವತ್ತು.

ಅವಳಿಗೆ ಹದಿನಾರಾದಾಗ ಅವ್ವ ಜ್ವರದಲ್ಲಿ ತೀರಿಕೊಂಡಳು. ತಮ್ಮ ದಿನೇಶನಿಗೆ ಇನ್ನೂ ಒಂದು ತುಂಬಿರಲಿಲ್ಲ. ಅಪ್ಪ ಮಂಜುನಾಥಪ್ಪ ಒಳ್ಳೆಯ ಮನುಷ್ಯ, ಆದರೆ ಮಗುವಿಗೆ ಲಂಗೋಟಿ ಕಟ್ಟಲೂ ಬಾರದವನು. ಗಂಜಿ ಕುಡಿಸಿದವಳು, ಸೊಂಟದ ಮೇಲೆ ಹೊತ್ತು ತಿರುಗಿದವಳು, ದಡಾರ ಬಂದಾಗ ಹಗಲಿಡೀ ಬೇವಿನ ಸೊಪ್ಪು ಬೀಸುತ್ತ ಕೂತವಳು ದುಗ್ಗಮ್ಮನೇ. ಅವನು ಮೊದಲು ಆಡಿದ ಮಾತು 'ಅಕ್ಕ'.

ಅಂಗನವಾಡಿ ಕೆಲಸ ಸಿಕ್ಕಿದ ವರ್ಷ ಹೊಸನಗರದ ಕಡೆಯಿಂದ ಒಂದು ಸಂಬಂಧ ಬಂತು. ಹುಡುಗ ತಾಲೂಕು ಕಚೇರಿಯಲ್ಲಿ ಅಟೆಂಡರ್, ಹೆಸರು ಹುಚ್ಚಪ್ಪ. ಹುಡುಗಿಯನ್ನು ನೋಡಿ ಹುಡುಗನ ತಾಯಿ, "ನಮ್ಗೆ ಒಪ್ಪಿಗೆ. ಧಾರೆ ದಿನ ಹೆಸರು ಬದ್ಲಿಸಿ ಲತಾ ಅಂತ ಇಡ್ತೀವಿ. ದುಗ್ಗಮ್ಮ ಅಂತ ಆಫೀಸಿನೋರ ಎದುರಿಗೆ ಹ್ಯಾಂಗೆ ಕರೆಯೋದು?" ಎಂದಳು.

"ನಿಮ್ಮ ಮಗನ ಹೆಸರೂ ಬದ್ಲಿಸ್ತೀರಾ?" ಎಂದು ದುಗ್ಗಮ್ಮ ಕೇಳಿದಳು. "ಹಂಗಾದ್ರೆ ನಾನೂ ಯೋಚನೆ ಮಾಡ್ತೀನಿ."

ಬಂದವರು ಕೇಸರಿಬಾತನ್ನು ಅರ್ಧಕ್ಕೇ ಬಿಟ್ಟು ಎದ್ದರು. ಸುದ್ದಿ ಅವರಿಗಿಂತ ಮೊದಲೇ ಲಾಂಚ್ ಹತ್ತಿ ಹೊಳೆಯ ಆಚೆ ದಡ ಮುಟ್ಟಿತು. ಆಮೇಲೆ ಯಾರೂ ಹೆಣ್ಣು ಕೇಳಿಕೊಂಡು ಆ ಮನೆಗೆ ಬರಲಿಲ್ಲ.

"ಒಂದು ಹೆಸ್ರಿಗೋಸ್ಕರ ಸಂಬಂಧ ಕಳ್ಕಂಡ್ಯಲ್ಲೇ," ಎಂದು ಅಪ್ಪ ಹಣೆ ಚಚ್ಚಿಕೊಂಡ.

"ಅದು ಅವ್ವ ಇಟ್ಟ ಹೆಸ್ರು," ಎಂದಳು. ಮಂಜುನಾಥಪ್ಪ ಮತ್ತೆ ಆ ಮಾತೆತ್ತಲಿಲ್ಲ, ಏಳೆಂಟು ವರ್ಷದಲ್ಲಿ ಅವನೂ ತೀರಿಕೊಂಡ.

ದಿನೇಶ ಬೆಳೆದು ಸಾಗರದಲ್ಲಿ ಫ್ಲೆಕ್ಸ್ ಅಂಗಡಿ ಹಾಕಿದ. ಹುಟ್ಟುಹಬ್ಬದ ಬ್ಯಾನರು, ಶ್ರದ್ಧಾಂಜಲಿ ಬ್ಯಾನರು, ಗೆದ್ದವರ ಬ್ಯಾನರು, ಸೋತವರ ಬ್ಯಾನರು, ಎಲ್ಲ ಅವನಲ್ಲೇ. ತೀರ್ಥಹಳ್ಳಿಯ ಸುಷ್ಮಾಳನ್ನು ಮದುವೆಯಾದ. ಅಷ್ಟಕ್ಕೆ ಸುಮ್ಮನಿದ್ದಿದ್ದರೆ ಚೆನ್ನಾಗಿತ್ತು. ನಡುವೆ ಎಲ್ಲಿಂದಲೋ ಅವನಿಗೆ ಕೆಳದಿ ಅರಸರ ಹುಚ್ಚು ಹಿಡಿಯಿತು. ಇಕ್ಕೇರಿ, ಕೆಳದಿ, ನಗರದ ಕೋಟೆ ಎಂದು ಭಾನುವಾರವೆಲ್ಲ ಸುತ್ತಿದ, ಫೋನು ಹಿಡಿದು ವಿಡಿಯೋ ಮಾಡಿದ, ಯೂಟ್ಯೂಬಿನಲ್ಲಿ ಹಾಕಿದ. ಬುರುಜಿನ ಮೇಲೆ ನಿಂತು, "ಸ್ನೇಹಿತರೇ, ಈ ಕಲ್ಲುಗಳು ಮಾತಾಡುತ್ತವೆ," ಎನ್ನುತ್ತಿದ್ದ. ಅರಸರ ಹಾಗೆ ಮೀಸೆಯನ್ನೂ ಬಿಟ್ಟ.

"ಕಲ್ಲು ಮಾತಾಡ್ತದಂತೆ, ಇವ್ನು ಕೇಳ್ತಾನಂತೆ," ಎಂದು ದುಗ್ಗಮ್ಮ ವರದಮ್ಮನಿಗೆ ಹೇಳಿದಳು. "ಸಣ್ಣವ್ನಿದ್ದಾಗ ನಾನು ಹತ್ತು ಸಲ ಕೂಗಿದ್ರೂ ಕೇಳ್ತಿರ್ಲಿಲ್ಲ. ಆ ಮೀಸೆ ಬೇರೆ! ಅನ್ನ ಕಲಸಿ ಬಾಯಿಗಿಟ್ಟ ನಂಗೇ ಅವ್ನ ಬಾಯಿ ಎಲ್ಲಿದೆ ಅಂತ ಗೊತ್ತಾಗಲ್ಲ ಈಗ." ಬೈದರೂ ಒಂದು ವಿಡಿಯೋವನ್ನೂ ಬಿಡದೆ ನೋಡುತ್ತಿದ್ದಳು.

ಮದುವೆಯಾಗಿ ಆರು ವರ್ಷಕ್ಕೆ ದಿನೇಶನಿಗೆ ಹೆಣ್ಣುಮಗು ಹುಟ್ಟಿತು. ದುಗ್ಗಮ್ಮ ಸಿಗಂದೂರಿಗೆ ಹೋಗಿ ಹಣ್ಣುಕಾಯಿ ಮಾಡಿಸಿಕೊಂಡು ಬಂದಳು. ಅವರ ಕಡೆ ಮಗುವಿಗೆ ಹೆಸರು ಹೇಳುವ ಹಕ್ಕು ಸೋದರತ್ತೆಯದು. ತೊಟ್ಟಿಲ ಮೇಲೆ ಬಗ್ಗಿ ಕಿವಿಯಲ್ಲಿ ಮೂರು ಸಲ ಹೇಳಬೇಕು. ಮೊದಲು ಮಗು ಕೇಳಬೇಕು, ಆಮೇಲೆ ಊರು. ಆದರೆ ಯಾವ ಹೆಸರು ಎಂದು ತೀರ್ಮಾನ ಮಾಡುವವರು ಹೆತ್ತವರು. ದುಗ್ಗಮ್ಮ ಬಾಯಿಬಿಟ್ಟು ಏನೂ ಕೇಳಲಿಲ್ಲ. ಕೇಳಿ ಪಡೆಯುವ ವಸ್ತುವೇ ಅದು? ತಾನಾಗಿ ಅವನಿಗೆ ತಿಳಿಯಬೇಕು, ತಿಳಿಯುತ್ತದೆ ಎಂದು ಕಾದಳು. ಅವಳು ಸಾಕಿದ ಹುಡುಗನಲ್ಲವೇ?

ಎಂಟನೇ ದಿನ ದಿನೇಶನ ಫೋನು ಬಂತು.

"ಅಕ್ಕಾ, ಹೆಸ್ರು ತೀರ್ಮಾನ ಆಯ್ತು. ನೀನು ಕೇಳಿದ್ರೆ ಅಳ್ತೀಯ ನೋಡು."

"ಹೇಳಾ," ಎಂದಳು ದುಗ್ಗಮ್ಮ. ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

"ಗಂಡ ಇಲ್ದೆ ಒಬ್ಳೇ ಎಲ್ಲಾ ನಿಭಾಯ್ಸಿದ ಹೆಂಗಸಿನ ಹೆಸ್ರು ಅಕ್ಕಾ. ಯಾರಿಗೂ ತಲೆ ಬಗ್ಗಿಸ್ಲಿಲ್ಲ. ಹೊಟ್ಟೇಲಿ ಹುಟ್ಟದ ಮಗೂನ ಸ್ವಂತ ಮಗನ ಹಂಗೆ ಸಾಕಿ ದೊಡ್ಡವ್ನನ್ನ ಮಾಡಿದ್ಲು. ಅಂಥವ್ರ ಹೆಸ್ರು ನಮ್ಮನೇಲಿ ಉಳೀಬೇಕು ಅಲ್ವಾ?"

ದುಗ್ಗಮ್ಮ ಒಲೆಯ ಮುಂದೆ ಹಾಗೇ ಕುಳಿತುಬಿಟ್ಟಳು. "ಅಷ್ಟೆಲ್ಲ ಎಂತಕಾ ತಮ್ಮ," ಎಂದು ಹೇಳಲು ಬಾಯಿ ತೆರೆದಳು.

"ಕೆಳದಿ ಚೆನ್ನಮ್ಮಾಜಿ!" ಎಂದ ದಿನೇಶ. "ಹ್ಯಾಂಗಿದೆ? ಸುಷ್ಮಾ ಹಾಡ್ತಾಳಲ್ಲ, ಅವ್ಳಿಗೆ ಗಾನವಿ ಅಂತ ಇಡ್ಬೇಕು ಅಂತ ಆಸೆ. ಅದಕ್ಕೇ ಎರಡೂ ಸೇರ್ಸಿ ಗಾನವಿ ಚೆನ್ನಮ್ಮಾಜಿ. ಅಕ್ಕಾ? ಅಕ್ಕಾ, ಕೇಳ್ತಿದೆಯಾ? ಸಿಗ್ನಲ್ ಹೋಯ್ತಾ ಎಂತದು?"

ಸಿಗ್ನಲ್ ಎಲ್ಲೂ ಹೋಗಿರಲಿಲ್ಲ. ದುಗ್ಗಮ್ಮನ ಬಾಯಿ ಎಡಕ್ಕೆ ಹೊರಟಿದ್ದು ಅರ್ಧಕ್ಕೇ ನಿಂತಿತ್ತು. ರಾಣಿಯ ಮೇಲೆ ಅವಳಿಗೆ ಸಿಟ್ಟಿಲ್ಲ. ಕತ್ತಿ ಹಿಡಿದವಳು, ರಾಜ್ಯ ಆಳಿದವಳು, ದೊಡ್ಡವಳು, ಒಪ್ಪಿದಳು. ಆದರೆ ಆ ಮಹಾತಾಯಿ ಬಂದು ಇವನ ಅಂಡು ತೊಳೆದಳೇ? ದಡಾರಕ್ಕೆ ಸೊಪ್ಪು ಬೀಸಿದಳೇ? ಮುನ್ನೂರು ವರ್ಷದ ಹಿಂದಿನ ಕಲ್ಲಿನ ಮಾತು ಕೇಳುವ ಕಿವಿಗೆ ಎದುರಿಗಿದ್ದವಳ ಉಸಿರು ಕೇಳಲಿಲ್ಲವಲ್ಲ, ಥೂ ನಿನ್ನ!

ಅವಳು ಅಲ್ಲೇ ನಿರ್ಧಾರ ಮಾಡಿದಳು. ಬ್ಯಾನರಿನ ಮೇಲೆ ಏನಾದರೂ ಬರೆದುಕೊಳ್ಳಲಿ, ಸರ್ಟಿಫಿಕೇಟಿನಲ್ಲಿ ಏನಾದರೂ ಬರೆಸಲಿ. ತೊಟ್ಟಿಲಿಗೆ ಬಗ್ಗುವವಳು ತಾನು. ಮಗುವಿನ ಕಿವಿಗೆ ಮೂರು ಸಲ ದುಗ್ಗಮ್ಮ ಎಂದು ಹೇಳಿಬಿಡುತ್ತೇನೆ. ಯಾರಿಗೆ ಕೇಳುತ್ತದೆ? ಮಗುವಿಗೆ ಗೊತ್ತು, ತನಗೆ ಗೊತ್ತು, ಸಾಕು.

ಹನ್ನೆರಡನೇ ದಿನ ಲಾಂಚ್ ಹತ್ತಿ ಸಾಗರಕ್ಕೆ ಹೋದಳು. ಮನೆಯ ಮುಂದೆ ಆಳೆತ್ತರದ ಫ್ಲೆಕ್ಸ್. ಕುದುರೆ, ಕತ್ತಿ, ಬೆಂಕಿ, ಹಿಂದೆ ಕೋಟೆ. ಕುದುರೆಯ ಮೇಲೆ ರಾಣಿ, ರಾಣಿಯ ಮುಖ ಇರಬೇಕಾದ ಜಾಗದಲ್ಲಿ ಕಣ್ಣು ಮುಚ್ಚಿ ನಾಲಿಗೆ ಹೊರಹಾಕಿದ ಎಳೆಗೂಸಿನ ಮುಖ. ಹೆಸರು ಗುಟ್ಟಾಗಿರಲಿ ಎಂದು ಆ ಭಾಗಕ್ಕೆ ಒಂದು ಪಂಚೆ ಮುಚ್ಚಿದ್ದರು. ಗಾಳಿಗೆ ಪಂಚೆ ಹಾರಿ ಹಾರಿ ಬಂದವರೆಲ್ಲ ಓದಿಯಾಗಿತ್ತು.

ದುಗ್ಗಮ್ಮ ಹೊಸ ಸೀರೆ ಉಟ್ಟಳು, ತೊಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚಿದಳು, ಹೆಂಗಸರು ಹಾಡುತ್ತಿದ್ದಂತೆ ಮಗುವನ್ನು ಮಲಗಿಸಿ ಬಗ್ಗಿದಳು. ಮಗು ಕಣ್ಣು ಬಿಟ್ಟು ಅವಳನ್ನೇ ನೋಡುತ್ತಿತ್ತು. ಥೇಟ್ ಅವ್ವನ ಕಣ್ಣು. ಆಗ ತೊಟ್ಟಿಲ ಬಟ್ಟೆಗೆ ಕಚ್ಚಿಕೊಂಡ ಕಪ್ಪು ಹುಳದಂಥದ್ದು ಕಂಡಿತು. ತೆಗೆದು ಎಸೆಯಲು ಕೈ ಚಾಚಿದಳು.

"ಅಕ್ಕಾ, ಮುಟ್ಬೇಡ! ಮೈಕು ಅದು," ಎಂದು ದಿನೇಶ ಕ್ಯಾಮೆರಾದ ಹಿಂದಿನಿಂದ ಕೂಗಿದ. "ನೀನು ಕಿವೀಲಿ ಹೇಳಿದ್ದು ಕ್ಲಿಯರ್ ಆಗಿ ಬರ್ಬೇಕಲ್ಲ, ಅದಕ್ಕೇ ಕ್ಲಿಪ್ ಮಾಡಿದ್ದು. ಲೈವ್ ಹೋಗ್ತಿದೆ, ಜನ ನೋಡ್ತಿದ್ದಾರೆ. ಹೂಂ, ಹೇಳು ಹೇಳು."

ಇದೆಂಥ ಕರ್ಮ! ಸೋದರತ್ತೆಯ ಪಿಸುಮಾತಿಗೂ ಮೈಕು ಕಟ್ಟಿದ ಪುಣ್ಯಾತ್ಮ ಇಡೀ ಮೂರು ತಾಲೂಕಿನಲ್ಲಿ ಇವನೊಬ್ಬನೇ ಇರಬೇಕು. ದುಗ್ಗಮ್ಮ ಬಗ್ಗಿದಲ್ಲೇ ನಿಂತಳು. ಹೇಳಬಹುದಿತ್ತು. ಹೇಳಿದರೆ ಎಲ್ಲರಿಗೂ ಕೇಳುತ್ತದೆ, ಯಾರಾದರೂ ಒಬ್ಬರು ನಗುತ್ತಾರೆ, ಒಬ್ಬರು ನಕ್ಕರೆ ಎಲ್ಲರೂ ನಗುತ್ತಾರೆ. ಆ ನಗು ಅವಳಿಗೆ ಹೊಸದಲ್ಲ, ಆದರೆ ಈ ಕೂಸಿಗೆ ಹನ್ನೆರಡನೇ ದಿನಕ್ಕೇ ಅದು ಬೇಡವಿತ್ತು. ಬೆನ್ನು ನೆಟ್ಟಗೆ ಮಾಡಿಕೊಂಡು, ಅಂಗನವಾಡಿಯಲ್ಲಿ ಹಾಜರಿ ಕರೆದ ಹಾಗೆ, "ಗಾನವಿ ಚೆನ್ನಮ್ಮಾಜಿ, ಗಾನವಿ ಚೆನ್ನಮ್ಮಾಜಿ, ಗಾನವಿ ಚೆನ್ನಮ್ಮಾಜಿ," ಎಂದು ಮುಗಿಸಿದಳು.

ಹೋಳಿಗೆ ಊಟಕ್ಕೆ ನಿಲ್ಲದೆ ಹೊರಟಳು. ಹಿಂದೆ ಓಡಿಬಂದ ದಿನೇಶನಿಗೆ, "ನಿನ್ನ ರಾಣೀನ ಚೆನ್ನಾಗಿ ನೋಡ್ಕಳಾ. ನಂಗೆ ನಾಳೆ ಮಕ್ಕಳ ತೂಕ ಮಾಡೋದಿದೆ," ಎಂದಳು. ಲಾಂಚಿನ ಕಂಬಿ ಹಿಡಿದು ನಿಂತು ಹೊಳೆಯುದ್ದಕ್ಕೂ ಅತ್ತಳು. ಕೇಳಿದವರಿಗೆ ಗಾಳಿಗೆ ಕಣ್ಣಲ್ಲಿ ನೀರು ಬರುತ್ತದೆ ಎಂದಳು.

ಆಮೇಲಿನ ಮೂರು ವರ್ಷದಲ್ಲಿ ಸಾಗರಕ್ಕೆ ಹೋದದ್ದು ನಾಲ್ಕೇ ಸಲ, ಅದೂ ಬೆಳಿಗ್ಗೆ ಹೋಗಿ ಸಂಜೆ ವಾಪಸ್. ಹೋದಾಗೆಲ್ಲ ಒಂದು ವಿಷಯ ಗಮನಿಸಿದಳು. ಆ ಮನೆಯಲ್ಲಿ ಮಗುವನ್ನು ಗಾನವಿ ಎಂದು ಯಾರೂ ಕರೆಯುವುದಿಲ್ಲ, ಚೆನ್ನಮ್ಮಾಜಿ ಎಂದಂತೂ ಇಲ್ಲವೇ ಇಲ್ಲ. ಬರೀ 'ಪಾಪು'. ಒಂದೆರಡು ಸಲ ಸುಷ್ಮಾ ಏನೋ ಕೂಗಲು ಹೋಗಿ, ದುಗ್ಗಮ್ಮನ ಮುಖ ನೋಡಿ, ನುಂಗಿಕೊಂಡು "ಪಾಪೂ" ಎಂದಳು.

"ಕುದುರೆ ಹತ್ತಿಸಿ ಹೆಸ್ರಿಟ್ರು, ಈಗ ಕರೆಯೋಕೆ ನಾಲಿಗೆ ಹೊರಳಲ್ಲ," ಎಂದು ದುಗ್ಗಮ್ಮ ಊರಿಗೆ ಬಂದು ವರದಮ್ಮನ ಹತ್ತಿರ ಮೂತಿ ತಿರುವಿದಳು.

ಹೊಳೆಗೆ ಸೇತುವೆಯಾದ ಮೇಲೆ ಸಾಗರ ಹತ್ತಿರವಾಯಿತು. ಮೊನ್ನೆ ಒಂದು ಬೆಳಿಗ್ಗೆ ಅಂಗನವಾಡಿಯ ಮುಂದೆ ದಿನೇಶನ ಕಾರು ನಿಂತಿತು. ತೀರ್ಥಹಳ್ಳಿಯಲ್ಲಿ ಸುಷ್ಮಾಳ ತಾಯಿಗೆ ಕಣ್ಣಿನ ಆಪರೇಷನ್. ಎರಡು ದಿನ ಮಗುವನ್ನು ಅತ್ತೆಯ ಹತ್ತಿರ ಬಿಟ್ಟು ಹೋಗುತ್ತೇವೆ ಎಂದರು. ದಿನೇಶ ಕಾರು ತಿರುಗಿಸಲು ಹೋದ. ಸುಷ್ಮಾ ಬಟ್ಟೆಯ ಚೀಲ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಮೂರು ವರ್ಷದ ಹುಡುಗಿ ಒಳಗೆ ಬಂದು, ಸುಭಾಷಚಂದ್ರನ ತಮ್ಮ ಭಗತ್ ಸಿಂಗನ ಪಕ್ಕದಲ್ಲಿ, ಅದು ತನ್ನದೇ ಜಾಗ ಎಂಬಂತೆ ಕೂತಳು. ವರದಮ್ಮ ಎಲ್ಲರ ತಟ್ಟೆಗೂ ಉಪ್ಪಿಟ್ಟು ಹಾಕುತ್ತ ಬಂದಳು.

"ಬೇಡ," ಎಂದಳು ಹುಡುಗಿ.

"ಚೆನ್ನಮ್ಮಾಜಿಗೆ ಉಪ್ಪಿಟ್ಟು ಬೇಡವಂತೆ ಟೀಚರೇ," ಎಂದು ವರದಮ್ಮ ನಕ್ಕಳು.

"ಅರಮನೆ ಅಲ್ಲ ಇದು, ಇಲ್ಲಿ ಇದೇ ಇರೋದು. ತಿನ್ನೇ," ಎಂದಳು ದುಗ್ಗಮ್ಮ.

ಹುಡುಗಿ ತಟ್ಟೆಯನ್ನು ನೋಡಿದಳು. ಕೆಳತುಟಿ ಮುಂದೆ ಬಂತು. ಆಮೇಲೆ ಇಡೀ ಬಾಯಿ ಒಂದು ಕಡೆಗೆ ಸರಿಯಿತು, ಮೂಗಿನಿಂದ 'ಹ್ಞುಂ' ಎಂದು ಸದ್ದು ಬಂತು. ವರದಮ್ಮನ ಕೈಯ ಸೌಟು ಹಾಗೇ ನಿಂತಿತು. ದುಗ್ಗಮ್ಮ ಮಗುವಿನ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು.

"ನಿನ್ನ ಹೆಸ್ರೇನೇ?"

"ದುಗ್ಗಿ."

"ಯಾರೇ ಹಂಗೆ ಕರೆಯೋದು?"

"ಅಪ್ಪ. ಅಮ್ಮ. ಅಜ್ಜಿ. ಪಕ್ಕದ್ಮನೆ ಆಂಟಿ. ಎಲ್ಲಾರೂ."

ಬಾಗಿಲಲ್ಲಿ ಸುಷ್ಮಾಳ ಮುಖ ಬಿಳುಚಿಕೊಂಡಿತ್ತು. "ಅತ್ತಿಗೇ, ದಯವಿಟ್ಟು ತಪ್ಪು ತಿಳ್ಕಬೇಡಿ," ಎಂದಳು. "ಏಳು ತಿಂಗಳಿದ್ದಾಗ ರಾಗಿ ಮಣ್ಣಿ ತಿನ್ಸೋಕೆ ಹೋದ್ರೆ ಹಿಂಗೇ ಮಾಡ್ತು. ಇವ್ರು ನೋಡಿ, 'ಅಯ್ಯೋ, ಬಂದ್ಲು ನೋಡು ನಮ್ಮ ದುಗ್ಗಕ್ಕ' ಅಂತ ಬಿದ್ದು ನಕ್ರು. ಅವತ್ತಿಂದ ಅದೇ ಆಗ್ಹೋಯ್ತು. ಆ ದೊಡ್ಡ ಹೆಸ್ರು ಕರೆದ್ರೆ ಇವ್ಳು ತಿರುಗೂ ನೋಡಲ್ಲ. ನಿಮ್ಗೆ ಬೇಜಾರಾಗ್ತದೆ ಅಂತ ನಿಮ್ಮೆದುರಿಗೆ ಪಾಪು ಅಂತಿದ್ವಿ."

ಬೇಜಾರಂತೆ! ರಾಣಿಯ ಹೆಸರಿಗೆ ಕುದುರೆ, ಬೆಂಕಿ, ಕೋಟೆ ಎಲ್ಲ ಬೇಕಾಗಿತ್ತು. ದುಗ್ಗಮ್ಮನ ಹೆಸರಿಗೆ ಒಂದು ಮೂತಿ ಸಾಕಾಯಿತು. ಗೌರವಕ್ಕೆ ಇಟ್ಟ ಹೆಸರು ಬ್ಯಾನರಿನಲ್ಲೇ ಉಳಿಯಿತು, ಅಣಕಿಸಲು ಇಟ್ಟದ್ದು ಮಗುವಿಗೆ ಅಂಟಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಅವಳ ಕಣ್ಣಿಂದ ನೀರು ಇಳಿಯುತ್ತಿತ್ತು, ಇಲ್ಲಿ ಗಾಳಿಯೂ ಇರಲಿಲ್ಲ, ಲಾಂಚೂ ಇರಲಿಲ್ಲ. ಎದ್ದು ಹೋಗಿ ಹಾಜರಿ ಪುಸ್ತಕ ತೆಗೆದು, ಕೊನೆಯ ಸಾಲಿನಲ್ಲಿ ಮೂವತ್ತೆರಡು ವರ್ಷದಲ್ಲಿ ಮೊದಲ ಸಲ ಆ ಹೆಸರನ್ನು ಬರೆದಳು. ಎರಡು ದಿನಕ್ಕೆ ಬಂದ ಮಗುವನ್ನು ಪುಸ್ತಕದಲ್ಲಿ ಬರೆಯುವ ಹಾಗಿಲ್ಲ, ಬರೆದಳು.

ಸೆರಗಿನಲ್ಲಿ ಮುಖ ಒರೆಸಿಕೊಂಡು ವಾಪಸು ಬಂದು ಮತ್ತೆ ಹುಡುಗಿಯ ಮುಂದೆ ಕೂತಳು.

"ಇನ್ನೊಂದ್ಸಲ ಮಾಡು ನೋಡಾಣ."

ಹುಡುಗಿ ಮಾಡಿದಳು.

"ಥೂ, ಬಲಕ್ಕಲ್ಲ ಕಣೇ," ಎಂದು ದುಗ್ಗಮ್ಮ ಆ ಪುಟ್ಟ ಗದ್ದವನ್ನು ಹಿಡಿದು ತಿರುಗಿಸಿದಳು. "ಎಡಕ್ಕೆ. ನನ್ನ ಹೆಸ್ರು ಇಟ್ಕಂಡ ಮೇಲೆ ಸರಿಯಾಗಿ ಮಾಡ್ಬೇಕು."